ಬೆತ್ತವಿಲ್ಲದ ತರಗತಿ: ಪ್ರಾಥಮಿಕ ಶಾಲೆಯಲ್ಲಿ ಮಗುವಿನ ನೆಮ್ಮದಿ ಮತ್ತು ಶಿಸ್ತು

ಸಂಸ್ಕೃತದಲ್ಲಿ 'ಶಿಕ್ಷಾ' ಎಂದರೆ ಕಲಿಕೆ. ಕನ್ನಡದಲ್ಲಿ ಅದೇ ಪದ 'ಶಿಕ್ಷೆ'ಯಾಗಿ ದಂಡನೆ ಎಂಬ ಅರ್ಥವನ್ನು ಪಡೆದಿದೆ. ಕಲಿಸುವುದೆಂದರೆ ದಂಡಿಸುವುದು ಎಂಬ ಭಾವನೆ ನಮ್ಮ ಶಾಲೆಗಳಲ್ಲಿಯೂ ಬಹುಕಾಲ ಬೇರೂರಿತ್ತು. 'ಛಡಿ ಛಂ ಛಂ, ವಿದ್ಯೆ ಘಂ ಘಂ' ಎಂಬ ನಾಣ್ಣುಡಿ ಹುಟ್ಟಿದ್ದು ಇದೇ ಭಾವನೆಯಿಂದ. ಆದರೆ ಬೆತ್ತದ ಭಯದಿಂದ ಮೂಡುವ ಮೌನ ಶಿಸ್ತಲ್ಲ. ಶಿಕ್ಷಕರು ತರಗತಿಯಿಂದ ಹೊರಗೆ ಕಾಲಿಟ್ಟೊಡನೆ ಅದು ಮುಗಿಯುತ್ತದೆ. ಭಯ ಮಿತಿಮೀರಿದರೆ ಮಗು ಶಾಲೆಯಿಂದಲೇ ದೂರವಾಗುತ್ತದೆ. ಆದ್ದರಿಂದ ಓದು, ಬರಹ, ಲೆಕ್ಕಗಳಂತೆ ನಡವಳಿಕೆಯನ್ನೂ ತಾಳ್ಮೆಯಿಂದ ಕಲಿಸಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಶಾಲಾ ಶಿಸ್ತು ಮಗುವಿನ ಘನತೆಗೆ ಅನುಗುಣವಾಗಿರಬೇಕೆಂದು ಅದರ 28ನೇ ವಿಧಿ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ದಂಡನೆ ಹಾಗೂ ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಇದನ್ನು ಉಲ್ಲಂಘಿಸುವವರು ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ.

ಹೊಡೆಯುವುದು ಮಾತ್ರ ದಂಡನೆಯಲ್ಲ. ಬೆಂಚಿನ ಮೇಲೆ ನಿಲ್ಲಿಸುವುದು, ಮೊಣಕಾಲೂರಿಸುವುದು, ಕೊಠಡಿಯಲ್ಲಿ ಕೂಡಿಹಾಕುವುದು, ಜಾತಿ ಅಥವಾ ಪೋಷಕರ ಕಸುಬನ್ನು ಎತ್ತಿ ಹಂಗಿಸುವುದು ಕೂಡ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯ ಪ್ರಕಾರ ನಿಷಿದ್ಧ.

ನಲಿ-ಕಲಿ ತೋರಿದ ದಾರಿ

ಬೆತ್ತವಿಲ್ಲದೆ ತರಗತಿ ನಡೆಯುವುದೇ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿಯೇ ಉತ್ತರವಿದೆ. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಆರಂಭವಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ಸರ್ಕಾರಿ ಶಾಲಾ ಶಿಕ್ಷಕರೇ ಇದನ್ನು ರೂಪಿಸಿದರು. 2009-10ರಲ್ಲಿ ಇದು ರಾಜ್ಯದ ಇತರೆಡೆಗೂ ವಿಸ್ತರಿಸಿತು.

ಇಲ್ಲಿ ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ, ಕಾರ್ಡುಗಳ ಮೂಲಕ ಕಲಿಸಲಾಗುತ್ತದೆ. ಮಕ್ಕಳು ನೆಲದ ಮೇಲೆ ಗುಂಪುಗಳಲ್ಲಿ ಕೂರುತ್ತಾರೆ. ಕೆಲವರು ಶಿಕ್ಷಕರ ನೆರವಿನಿಂದ, ಕೆಲವರು ಸಹಪಾಠಿಗಳ ನೆರವಿನಿಂದ, ಕೆಲವರು ತಾವಾಗಿಯೇ ಕಲಿಯುತ್ತಾರೆ. ಸುಗ್ಗಿಗೋ ಜಾತ್ರೆಗೋ ಹೋಗಿ ಶಾಲೆ ತಪ್ಪಿಸಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 'ಹಿಂದುಳಿದವನು' ಎಂಬ ಅವಮಾನಕ್ಕೆ ಅಲ್ಲಿ ಎಡೆ ಕಡಿಮೆ. ತಿಳಿಯದ ಪಾಠದ ಮುಂದೆ ಗಂಟೆಗಟ್ಟಲೆ ಸುಮ್ಮನೆ ಕುಳಿತ ಮಗು ಪಕ್ಕದವರನ್ನು ಚಿವುಟುವುದು ಸಹಜ. ಕೈಗೂ ಮನಸ್ಸಿಗೂ ಕೆಲಸವಿರುವ ಮಗುವಿಗೆ ತುಂಟತನಕ್ಕೆ ಬಿಡುವು ಕಡಿಮೆ.

ತುಂಟತನದ ಹಿಂದಿನ ಕಾರಣ

ಮಗುವಿನ ವರ್ತನೆ ಹಲವು ಬಾರಿ ಅದರ ಸ್ಥಿತಿಯ ಸೂಚನೆಯಾಗಿರುತ್ತದೆ. ಕಪ್ಪುಹಲಗೆಯಲ್ಲಿರುವುದನ್ನು ಬರೆದುಕೊಳ್ಳದ ಮಗುವಿಗೆ ಬೇಕಿರುವುದು ಬೈಗುಳವಲ್ಲ, ಕನ್ನಡಕವಿರಬಹುದು. ಕರೆದರೆ ತಿರುಗಿ ನೋಡದ ಮಗುವಿಗೆ ಕಿವಿಯ ತೊಂದರೆಯಿರಬಹುದು. ತೂಕಡಿಸುವ ಮಗು ಹಿಂದಿನ ರಾತ್ರಿ ಮನೆಯ ಜಗಳದಿಂದ ನಿದ್ದೆಗೆಟ್ಟಿರಬಹುದು. ಹಸಿದ ಮಗುವಿಗೆ ಪಾಠದ ಮೇಲೆ ಗಮನ ನಿಲ್ಲದು. 2002ರ ಅಕ್ಷರ ದಾಸೋಹ ಮತ್ತು 2013ರ ಕ್ಷೀರಭಾಗ್ಯ ಯೋಜನೆಗಳನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಶಿಕ್ಷಕರು ಅನುಸರಿಸಬಹುದಾದ ಕ್ರಮಗಳು

* ವರ್ಷಾರಂಭದಲ್ಲಿ ಮಕ್ಕಳೊಂದಿಗೆ ಚರ್ಚಿಸಿ ನಾಲ್ಕೈದು ನಿಯಮಗಳನ್ನು ರೂಪಿಸಿ ಗೋಡೆಗೆ ತೂಗುಹಾಕುವುದು. 'ಓಡಬೇಡ' ಎನ್ನುವುದಕ್ಕಿಂತ 'ನಿಧಾನವಾಗಿ ನಡೆಯೋಣ' ಎಂಬ ಮಾತು ಮಗುವಿಗೆ ಬೇಗ ತಿಳಿಯುತ್ತದೆ.
* ಒಳ್ಳೆಯ ನಡತೆ ಕಂಡಾಗ ಅದನ್ನು ನಿರ್ದಿಷ್ಟವಾಗಿ ಹೇಳಿ ಮೆಚ್ಚುವುದು. 'ಜಾಣ' ಎನ್ನುವುದಕ್ಕಿಂತ 'ಬಿದ್ದವನನ್ನು ಎತ್ತಿದೆ, ಒಳ್ಳೆಯದು ಮಾಡಿದೆ' ಎಂದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.
* ತಪ್ಪು ಮಾಡಿದ ಮಗುವಿನೊಂದಿಗೆ ಇತರರ ಎದುರಲ್ಲ, ಪ್ರತ್ಯೇಕವಾಗಿ ಮಾತನಾಡುವುದು. ಕೆಡಿಸಿದ್ದನ್ನು ಅದರಿಂದಲೇ ಸರಿಪಡಿಸುವುದು.
* ಗಿಡಕ್ಕೆ ನೀರೆರೆಯುವುದು, ಪುಸ್ತಕ ಹಂಚುವುದು ಮುಂತಾದ ಹೊಣೆಗಳನ್ನು ಸರದಿಯ ಮೇಲೆ ಎಲ್ಲರಿಗೂ ವಹಿಸುವುದು.
* ಲವಲವಿಕೆಯಿಂದಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ ಕಾರಣ ತಿಳಿಯಲು ಯತ್ನಿಸುವುದು.

ಪೋಷಕರ ಹೊಣೆ

'ಎರಡು ಬಾರಿಸಿ ಬುದ್ಧಿ ಹೇಳಿ ಮೇಷ್ಟ್ರೇ' ಎಂದು ಶಿಕ್ಷಕರನ್ನು ಕೋರುವ ಪೋಷಕರು ಇಂದಿಗೂ ಇದ್ದಾರೆ. ಶಾಲೆಯಲ್ಲಿ ಬೆತ್ತ ಬೇಡವೆಂದು, ಮನೆಯಲ್ಲಿ ಕೈಯೆತ್ತಿದರೆ ಮಗು ಕಲಿಯುವುದು ಗೊಂದಲವನ್ನೇ. ಶಾಲಾಭಿವೃದ್ಧಿ ಸಮಿತಿಯ ಸಭೆಗಳಲ್ಲಿ ಕಟ್ಟಡ, ಸಮವಸ್ತ್ರಗಳ ಜೊತೆಗೆ ಈ ವಿಷಯವೂ ಚರ್ಚೆಗೆ ಬರಬೇಕು. ಹಾಗೆಯೇ, ತುಂಬಿತುಳುಕುವ ತರಗತಿಯಲ್ಲಿ ಶಿಕ್ಷಕರೊಬ್ಬರೇ ಎಲ್ಲವನ್ನೂ ನಿಭಾಯಿಸಬೇಕೆಂಬ ನಿರೀಕ್ಷೆಯೂ ನ್ಯಾಯವಲ್ಲ. ಕಿರಿಯ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬ ಅನುಪಾತವನ್ನು ಕಾಯ್ದೆಯೇ ನಿಗದಿಪಡಿಸಿದೆ. ಅದನ್ನು ಒದಗಿಸುವುದು ಸರ್ಕಾರದ ಕರ್ತವ್ಯ.

ದಂಡನೆ ಅಥವಾ ಕಿರುಕುಳ ನಡೆದಲ್ಲಿ ಮೊದಲು ಮುಖ್ಯ ಶಿಕ್ಷಕರಿಗೆ, ಬಳಿಕ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ನೀಡಬಹುದು. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವನ್ನೂ ಸಂಪರ್ಕಿಸಬಹುದು. ತುರ್ತು ನೆರವಿಗೆ ಮಕ್ಕಳ ಸಹಾಯವಾಣಿ 1098 ಉಚಿತವಾಗಿ ಲಭ್ಯವಿದೆ. ಈ ಸಂಖ್ಯೆ ಪೋಷಕರಿಗಷ್ಟೇ ಅಲ್ಲ, ಪ್ರತಿಯೊಂದು ಮಗುವಿಗೂ ಬಾಯಿಪಾಠವಾಗಿರಬೇಕು.