ಚಾಮರಾಜನಗರ ಜಿಲ್ಲೆ: ಜನಸಂಖ್ಯೆಯ ಏರಿಳಿತ

ಬಿಳಿಗಿರಿರಂಗನ ಬೆಟ್ಟ: ಬೆಟ್ಟದ ಸುತ್ತಲಿನ ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ತಾಲ್ಲೂಕುಗಳು ಸೇರಿರುವ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 10,20,791. ಹತ್ತು ವರ್ಷಗಳಲ್ಲಿ ಆದ ಹೆಚ್ಚಳ ಶೇ 5.73 ಮಾತ್ರ. ಅದೇ ಅವಧಿಯಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು, ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟು ಹೆಚ್ಚಿತು.

ಬರಗಾಲದ ಪೆಟ್ಟು

ಈ ಭಾಗದ ಹಳೆಯ ಲೆಕ್ಕ ಒಂದೇ ಕಡೆ ಸಿಗುವುದಿಲ್ಲ. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು; ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಧಾತು, ಈಶ್ವರ ಸಂವತ್ಸರಗಳ (1876-78) ಭೀಕರ ಬರದ ನಂತರ, 1881ರಲ್ಲಿ ಅದು 41,86,188ಕ್ಕೆ ಕುಸಿಯಿತು. 1891ರಲ್ಲಿಯೂ (49,43,604) ಹಳೆಯ ಸಂಖ್ಯೆಯನ್ನು ಮುಟ್ಟಲಾಗಲಿಲ್ಲ. 1918ರ ಇನ್‌ಫ್ಲುಯೆಂಜಾ ಪಿಡುಗನ್ನು ಕಂಡ 1911-21ರ ದಶಕದ ಬೆಳವಣಿಗೆ ಸುಮಾರು ಶೇ 3 ಮಾತ್ರ.

ಅಂದು ಜನರನ್ನು ಕಡಿಮೆ ಮಾಡಿದ್ದು ಸಾವು. ಇಂದಿನ ಕಾರಣಗಳು ಬೇರೆ.

ಜನನ ಇಳಿಕೆ, ವಲಸೆ

ಈಗಿನ ಜಿಲ್ಲೆಯ ಪ್ರದೇಶದಲ್ಲಿ 1991ರಲ್ಲಿ 8,83,365 ಜನರಿದ್ದರು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಮೇಲೆ, 2001ರ ಗಣತಿಯಲ್ಲಿ 9,65,462 ಜನರಿದ್ದರು. ಆ ದಶಕದ ಬೆಳವಣಿಗೆ ಶೇ 9.29, ಮುಂದಿನ ದಶಕದಲ್ಲಿ ಅದೂ ಇಳಿಯಿತು.

ರಾಜ್ಯದಾದ್ಯಂತ ಜನನ ಪ್ರಮಾಣ ತಗ್ಗುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಪ್ರತಿ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಸ್ಥಿರವಾಗಿರಲು 2.1 ಬೇಕು. ಇದರೊಂದಿಗೆ ಮಳೆಯಾಶ್ರಿತ ಬೇಸಾಯದ ಹಳ್ಳಿಗಳಿಂದ ದುಡಿಮೆಗಾಗಿ ಹೊರಹೋಗುವವರ ಸಂಖ್ಯೆಯೂ ಸೇರುತ್ತದೆ. 2011ರಲ್ಲಿ ಜಿಲ್ಲೆಯಲ್ಲಿ ಸಾವಿರ ಪುರುಷರಿಗೆ 993 ಮಹಿಳೆಯರಿದ್ದರು. ರಾಜ್ಯದ ಪ್ರಮಾಣ 973. ಪುರುಷರು ಊರು ಬಿಡುವುದೂ ಇಂತಹ ವ್ಯತ್ಯಾಸಕ್ಕೆ ಒಂದು ಕಾರಣವಾಗಬಲ್ಲದು.

ಆದರೂ ಇಲ್ಲಿ ಜನಸಂಖ್ಯೆ ಇಳಿದಿಲ್ಲ. 2001-11ರಲ್ಲಿ ರಾಜ್ಯದಲ್ಲಿ ಇಳಿಕೆ ಕಂಡ ಜಿಲ್ಲೆ ಚಿಕ್ಕಮಗಳೂರು ಒಂದೇ. ಅಲ್ಲಿ ಸುಮಾರು 3 ಸಾವಿರ ಜನ ಕಡಿಮೆಯಾದರು.

ಪೋಡುಗಳ ಎಣಿಕೆ

ಬಿಳಿಗಿರಿರಂಗನ ಬೆಟ್ಟದ ಅರಣ್ಯ 1974ರಲ್ಲಿ ವನ್ಯಜೀವಿಧಾಮವಾಯಿತು. ಅರಣ್ಯದೊಳಗೆ ನೆಲೆ ಬದಲಿಸುತ್ತ ಬೇಸಾಯ ಮಾಡುತ್ತಿದ್ದ ಸೋಲಿಗರು ಯರಕನಗದ್ದೆ, ಪುರಾಣಿಪೋಡು ಮೊದಲಾದ ಕಡೆ ನೆಲೆನಿಂತರು. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತವು.

ಪೋಡಿನ ಹಲವು ಕುಟುಂಬಗಳು ಕಾಫಿ ಕೊಯ್ಲಿನ ಕಾಲಕ್ಕೆ ಕೊಡಗಿಗೆ ಹೋಗುತ್ತವೆ. 2011ರ ಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಅಂದರೆ ರೋಬಸ್ಟಾ ಕೊಯ್ಲಿನ ದಿನಗಳಲ್ಲಿ. ಎಣಿಕೆಯ ಇಡೀ ಅವಧಿಯಲ್ಲಿ ಮನೆಯಲ್ಲಿ ಇಲ್ಲದವರನ್ನು ಅವರ ಊರಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವರು ಇರುವ ಕಡೆಯೇ ಎಣಿಸಲಾಗುತ್ತದೆ.

ಸಂಖ್ಯೆಯ ಬೆಲೆ

ಈ ಲೆಕ್ಕದ ಪರಿಣಾಮವನ್ನು ಜಿಲ್ಲೆ ಈಗಾಗಲೇ ಕಂಡಿದೆ. 2001ರ ಗಣತಿಯ ಆಧಾರದ ಮೇಲೆ ನಡೆದ ಕ್ಷೇತ್ರ ಪುನರ್ವಿಂಗಡಣೆ 2008ರಲ್ಲಿ ಜಾರಿಗೆ ಬಂದಾಗ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರ ರದ್ದಾಯಿತು. ಜಿಲ್ಲೆಗೆ ಉಳಿದದ್ದು ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ ಎಂಬ 4 ಕ್ಷೇತ್ರಗಳು. ಬೆಂಗಳೂರು ಮಹಾನಗರದ ಕ್ಷೇತ್ರಗಳು 28ಕ್ಕೇರಿದವು.

2021ರಲ್ಲಿ ನಡೆಯಬೇಕಿದ್ದ ಗಣತಿ ಕೋವಿಡ್ ಕಾರಣ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಜಾತಿವಾರು ವಿವರದೊಂದಿಗೆ ಗಣತಿ ನಡೆಸುವುದಾಗಿ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. 2011ರ ನಂತರ ಕೊಳ್ಳೇಗಾಲದಿಂದ ಬೇರ್ಪಟ್ಟ ಹನೂರಿಗೆ, ಪ್ರತ್ಯೇಕ ತಾಲ್ಲೂಕಾಗಿ ಇದು ಮೊದಲ ಗಣತಿ. ಎಣಿಕೆದಾರರು ಬಂದಾಗ ಪೋಡಿನ ಮನೆಗಳ ಬಾಗಿಲು ತೆರೆದಿದೆಯೇ ಎಂಬುದರ ಮೇಲೆ ಆ ಲೆಕ್ಕದ ನಿಖರತೆ ನಿಂತಿದೆ.