ಹೆಡ್ ಫೇಸಿಂಗಿನ ಕಾಲ
ಕೆಂಗಲ್ ಆಂಜನೇಯನ ಗುಡಿ ಮುಂದಿನ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಅಂಬಾಸಡರ್ ಓಡುತ್ತಿದ್ದ ಕಾಲದಲ್ಲಿ ಇಂಜಿನ್ ಹೆಡ್ಡನ್ನೇ ಬದಲಿಸುವುದು ಕೊನೆಯ ಮಾತು. ಬಿಚ್ಚಿ, ಮೇಲ್ಮೈ ಸಮ ಮಾಡುವ ಫೇಸಿಂಗ್ ಮಾಡಿಸಿ, ವಾಲ್ವ್ ಉಜ್ಜಿ, ಹೊಸ ಗ್ಯಾಸ್ಕೆಟ್ ಕೂರಿಸಿ, ನಡುವಿನಿಂದ ಹೊರಕ್ಕೆ ನಟ್ಟು ಬಿಗಿದರೆ ಗಾಡಿ ಹೊರಡುತ್ತಿತ್ತು. ಇದೆಲ್ಲ ಹಳೆಯ ಮೆಕ್ಯಾನಿಕ್‌ಗಳ ಕೈಚಳಕ ಎನ್ನುವವರಿದ್ದಾರೆ. ಕೈಚಳಕ ಇತ್ತು, ಸರಿ. ಆದರೆ 1489 ಸಿಸಿಯ ಆ ಇಂಜಿನ್ನಿನ ಬ್ಲಾಕೂ ಹೆಡ್ಡೂ ಬೀಡುಕಬ್ಬಿಣ, ಕಾದರೆ ಒಟ್ಟಿಗೇ ಹಿಗ್ಗುತ್ತಿದ್ದವು. ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇದ್ದರೆ ಅದು ಸುಮಾರು ಎರಡರಷ್ಟು ಹಿಗ್ಗುತ್ತದೆ; ರೇಡಿಯೇಟರ್ ನೀರು ಬತ್ತಿದ ಮೇಲೂ ಓಡಿಸಿದರೆ ಹೆಡ್ ಸೊಟ್ಟಗಾಗುತ್ತದೆ, ಮಿತಿ ಮೀರಿದರೆ ಉಜ್ಜಿ ಪ್ರಯೋಜನವಿಲ್ಲ. ಅದೇ ಕಾಲದ ಪ್ರೀಮಿಯರ್ ಪದ್ಮಿನಿ ಕಾರಿನದೂ ಅಲ್ಯೂಮಿನಿಯಂ ಹೆಡ್ಡೇ ಅಲ್ಲವೇ? ಹೌದು. ಆದರೆ ಲೈಸೆನ್ಸ್ ರಾಜ್ ಕಾಲದಲ್ಲಿ ಕಾರಿಗೇ ವರ್ಷಗಟ್ಟಲೆ ಕಾಯಬೇಕಿತ್ತು. ಇದ್ದುದನ್ನೇ ರಿಪೇರಿ ಮಾಡದೆ ಬೇರೆ ದಾರಿಯಿರಲಿಲ್ಲ. 1999ರ ಕೊನೆಗೆ ಅದೇ ರಸ್ತೆಯ ಬಿಡದಿಯಲ್ಲೇ ಟೊಯೋಟ ಕಾರು ತಯಾರಾಗತೊಡಗಿದಾಗ ಆ ಲೆಕ್ಕಾಚಾರ ಹಳತಾಗಿತ್ತು.