ಕಚೇರಿ ವಾದ್ಯಗಳ ಸಾಗಣೆ ಮತ್ತು ರಕ್ಷಣೆ

ಕಚೇರಿ ವಾದ್ಯಗಳ ಸಾಗಣೆ ಎಂದರೆ ಸಂಗೀತ ವಾದ್ಯಗಳನ್ನೂ ಅವುಗಳ ಜೊತೆಗಿನ ಧ್ವನಿಸಾಮಗ್ರಿಯನ್ನೂ ಕಲಾವಿದರ ಮನೆಯಿಂದ ಕಾರ್ಯಕ್ರಮದ ಸ್ಥಳಕ್ಕೆ ಒಯ್ದು, ನಾದಕ್ಕಾಗಲಿ ರೂಪಕ್ಕಾಗಲಿ ಕುಂದು ಬಾರದಂತೆ ಮರಳಿ ತರುವ ಕಾರ್ಯ. ಕರ್ನಾಟಕದಲ್ಲಿ ಬಳಕೆಯಲ್ಲಿರುವ ಸಾಂಪ್ರದಾಯಿಕ ವಾದ್ಯಗಳು ಬಹುಪಾಲು ಮರ, ಚರ್ಮ, ಮಣ್ಣು, ಬಿದಿರು, ಸೋರೆಬುರುಡೆ ಮತ್ತು ಮೇಣಗಳಿಂದ ಆದವು. ಇವು ದಾರಿಯಲ್ಲಿ ಬೀಳುವ ಪೆಟ್ಟಿನಿಂದ ಕೆಡುವಂತೆಯೇ ಬಿಸಿಲಿನಿಂದಲೂ ತೇವದಿಂದಲೂ ಕೆಡುತ್ತವೆ. ಒಯ್ಯುವ ಕಷ್ಟವು ಕಳೆದ ಅರ್ಧ ಶತಮಾನದಲ್ಲಿ ಕೆಲವು ವಾದ್ಯಗಳ ರಚನೆಯನ್ನೇ ಬದಲಿಸಿದೆ. ತಂಬೂರಿಯನ್ನಂತೂ ಎಷ್ಟೋ ವೇದಿಕೆಗಳಿಂದ ಕೆಳಗಿಳಿಸಿದೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಮುಖ್ಯವಾಗಿ ಕುಮಾರಸ್ವಾಮಿ ಲೇಔಟ್ ಮತ್ತು ಅದರ ನೆರೆಹೊರೆಯಲ್ಲಿ, ಈ ಕಾರ್ಯವು ನಡೆಯುವ ಬಗೆಯನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿಷಯವನ್ನು ವಿವರಿಸಲಾಗಿದೆ.

ಸ್ಥಳ ಮತ್ತು ಹವಾಮಾನ

ಕುಮಾರಸ್ವಾಮಿ ಲೇಔಟ್ ಬನಶಂಕರಿ ಮತ್ತು ಜೆ.ಪಿ. ನಗರಗಳ ನೆರೆಯಲ್ಲಿ, ಕನಕಪುರ ರಸ್ತೆಯ ಪಶ್ಚಿಮಕ್ಕಿರುವ ಬಡಾವಣೆ. ದಯಾನಂದ ಸಾಗರ್ ವಿದ್ಯಾಸಂಸ್ಥೆಗಳಿರುವ ಶಾವಿಗೆ ಮಲ್ಲೇಶ್ವರ ಬೆಟ್ಟ ಇಲ್ಲಿಯೇ ಇದೆ. ಏರುತಗ್ಗಿನ ಬೀದಿಗಳು, ರಸ್ತೆಯ ಉಬ್ಬುಗಳು ಮತ್ತು ಗುಂಡಿಗಳು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕುಳಿತವರಿಗೆ ಮೊದಲು ಅರಿವಾಗುವ ಸಂಗತಿಗಳು. ಇಲ್ಲಿನ ಕಲಾವಿದರು ಹೋಗಬೇಕಾದ ಸ್ಥಳಗಳು ನಾನಾ ಬಗೆಯವು. ಕೃಷ್ಣರಾಜೇಂದ್ರ ರಸ್ತೆಯಲ್ಲಿ 1905ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಯನ ಸಮಾಜದ ಸಭಾಂಗಣವಿದೆ. ಜಯನಗರ ಎಂಟನೆಯ ಬ್ಲಾಕಿನ ಆಸುಪಾಸಿನಲ್ಲಿ ಹಲವು ಸಭೆಗಳಿವೆ. ಜೆ.ಪಿ. ನಗರ ಏಳನೆಯ ಹಂತದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯವಿದೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ನಡೆಯುತ್ತದೆ. ಈ ಮಂಡಳಿ 1939ರಲ್ಲಿ ಆರಂಭವಾಯಿತು.

ಕಚೇರಿಗಳ ಕಾಲವೂ ವಾದ್ಯಗಳ ಕ್ಷೇಮಕ್ಕೆ ಅನುಕೂಲವಾದುದಲ್ಲ. ರಾಮನವಮಿಯ ಉತ್ಸವಗಳು ಏಪ್ರಿಲ್ ಆಸುಪಾಸಿನ ಕಡುಬೇಸಗೆಯಲ್ಲಿ ನಡೆಯುತ್ತವೆ. ಮಧ್ಯಾಹ್ನದ ಉರಿಬಿಸಿಲಿನ ಹಿಂದೆಯೇ ಸಂಜೆಯ ಗುಡುಗುಮಳೆ ಸುರಿಯುವುದುಂಟು. ಗಣೇಶೋತ್ಸವದ ಕಾರ್ಯಕ್ರಮಗಳು ಆಗಸ್ಟ್–ಸೆಪ್ಟೆಂಬರಿನಲ್ಲಿ ಬರುತ್ತವೆ. ಬೆಂಗಳೂರಿಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸಾಮಾನ್ಯವಾಗಿ ಸೆಪ್ಟೆಂಬರ್.

ಹಸಿರು ಮಾರ್ಗದ ಮೆಟ್ರೊ 2017ರಲ್ಲಿ ಯಲಚೇನಹಳ್ಳಿಯವರೆಗೆ ಬಂದ ಮೇಲೆ ಪಿಟೀಲು, ಕೊಳಲು, ಖಂಜರಿ, ಮೋರ್ಸಿಂಗ್ ವಾದಕರಿಗೆ ಬಹಳ ಅನುಕೂಲವಾಯಿತು. ವೀಣೆ, ಮೃದಂಗಗಳ ಮಾತು ಬೇರೆ. ಮೆಟ್ರೊದಲ್ಲಿ ಸಾಮಾನಿನ ಅಳತೆಗೂ ತೂಕಕ್ಕೂ ಮಿತಿಯಿದೆ. ಸಂಜೆಯ ಜನಸಂದಣಿಯಲ್ಲಿ ಮಿತಿಯೊಳಗಿನ ವಾದ್ಯಕ್ಕೂ ಜಾಗ ಸಿಗುವುದು ಕಷ್ಟ.

ವೀಣೆ

ಸಾಗಣೆಯ ದೃಷ್ಟಿಯಿಂದ ಅತ್ಯಂತ ಸೂಕ್ಷ್ಮವಾದ ವಾದ್ಯ ಸರಸ್ವತಿ ವೀಣೆ. ವೀಣೆ ಶೇಷಣ್ಣ (1852–1926), ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಮೊದಲಾದವರಿಂದ ಮೈಸೂರು ಸೀಮೆಗೆ ಹೆಸರು ತಂದ ವಾದ್ಯವಿದು. ಸುಮಾರು ನಾಲ್ಕು ಅಡಿ ಉದ್ದದ ಇದರ ಒಂದು ತುದಿಯಲ್ಲಿ ಭಾರವಾದ ಕೊಡ, ಇನ್ನೊಂದು ತುದಿಯಲ್ಲಿ ಯಾಳಿಮುಖ, ನಡುವೆ ಟೊಳ್ಳಾದ ದಂಡಿ. ತೂಕ ಎರಡೂ ಕಡೆಗೆ ಸಮನಾಗಿ ಹಂಚಿಕೆಯಾಗಿಲ್ಲದ ಕಾರಣ ಎತ್ತುವಾಗ ವಾದ್ಯ ಕೊಡದ ಕಡೆಗೆ ವಾಲುತ್ತದೆ. ಒಂದೇ ಮರದಿಂದ ಕೊರೆದ ಏಕಾಂಡ ವೀಣೆಯಲ್ಲಿ ಜೋಡಣೆಯ ಕೀಲುಗಳಿಲ್ಲ. ಬಿಡಿಭಾಗಗಳನ್ನು ಜೋಡಿಸಿ ಮಾಡಿದ ವೀಣೆಯಲ್ಲಿ ಕೊಡವೂ ದಂಡಿಯೂ ಸೇರುವ ಸಂದು ಮೊದಲು ಬಿರುಕು ಬಿಡುವ ಸ್ಥಳ.

ವೀಣೆಯನ್ನು ಎತ್ತುವಾಗ ಒಂದು ಕೈ ಕೊಡದ ಅಡಿಗೂ ಇನ್ನೊಂದು ಕೈ ದಂಡಿಯ ಕೆಳಗೂ ಇರಬೇಕು. ದಂಡಿಯ ಕೆಳಗಿನ ಸೋರೆಬುರುಡೆಯನ್ನು ಹಿಡಿಕೆಯಂತೆ ಬಳಸುವುದು ಹೊಸಬರು ಮಾಡುವ ತಪ್ಪು. ಈ ಬುರುಡೆ ತಿರುಪಿನಿಂದ ಬಿಚ್ಚಲು ಬರುತ್ತದೆ. ಪ್ರಯಾಣಕ್ಕೆ ಮುನ್ನ ಅದನ್ನು ಬಿಚ್ಚಿ ಬೇರೆಯ ಚೀಲದಲ್ಲಿ ಇಡುವುದು ವಾಡಿಕೆ. ಆಟೋರಿಕ್ಷಾದ ಹಿಂಬದಿಯ ಆಸನದಲ್ಲಿ ವೀಣೆಯನ್ನು ಅಡ್ಡವಾಗಿ ಇಡಲು ಅಗಲ ಸಾಲದು. ಓರೆಯಾಗಿ ಹಿಡಿದರೆ ಯಾಳಿಯ ತಲೆ ಹೊರಗೆ ಚಾಚಿಕೊಂಡು, ಪಕ್ಕದಲ್ಲಿ ನುಗ್ಗುವ ದ್ವಿಚಕ್ರವಾಹನಕ್ಕೆ ಸಿಕ್ಕಿಬೀಳುವ ಭಯವಿರುತ್ತದೆ. ಆದ್ದರಿಂದ ಕೊಡವನ್ನು ಕಾಲ ಬಳಿ ದಿಂಬಿನ ಮೇಲಿಟ್ಟು, ತಲೆಯ ಭಾಗವನ್ನು ಮೇಲಕ್ಕೆ ಮಾಡಿ ಭುಜಕ್ಕೊರಗಿಸಿಕೊಂಡು ಕೂರುವುದು ಲೇಸು. ಕಾರಿನಲ್ಲಾದರೆ ಹಿಂದಿನ ಆಸನದ ಮೇಲೆ ಮಲಗಿಸಿ ಎರಡೂ ಬದಿಗೆ ದಿಂಬು ಕೊಡುತ್ತಾರೆ. ಸಾಮಾನಿನ ಡಿಕ್ಕಿಯಲ್ಲಿಡುವುದನ್ನು ಬಲ್ಲವರು ಒಪ್ಪುವುದಿಲ್ಲ.

ಪೆಟ್ಟಿಗಿಂತ ಮೋಸಗೊಳಿಸುವ ಶತ್ರು ಶಾಖ. ವೀಣೆಯ 24 ಮೆಟ್ಟಿಲುಗಳು ಜೇನುಮೇಣಕ್ಕೆ ಮಸಿ ಬೆರೆಸಿದ ಕಪ್ಪು ಮೇಣದ ಮೇಲೆ ಕುಳಿತಿರುತ್ತವೆ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಾದರೂ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ, ಗಾಜು ಮುಚ್ಚಿದ ಕಾರಿನೊಳಗಿನ ಶಾಖ 50 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಊಟಕ್ಕೆಂದು ಒಂದು ಗಂಟೆ ಕಾರು ನಿಲ್ಲಿಸಿ ಬಂದವರ ವೀಣೆ ಹೊರನೋಟಕ್ಕೆ ಚೆನ್ನಾಗಿಯೇ ಇರುತ್ತದೆ; ಆದರೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಕೂದಲೆಳೆಯಷ್ಟು ಸರಿದಿದ್ದರೂ ಸಾಕು, ಸ್ವರಸ್ಥಾನ ತಪ್ಪಿರುತ್ತದೆ. ಸಭಿಕರೆದುರು ಇದಕ್ಕೆ ಪರಿಹಾರವಿಲ್ಲ. ಮೇಣವನ್ನು ಹೊಸದಾಗಿ ಹಾಕಿ ಮೆಟ್ಟಿಲು ಕೂರಿಸುವ ಕೆಲಸಕ್ಕೆ ನುರಿತ ಕೈ ಬೇಕು, ಕಿವಿಯೂ ಬೇಕು; ಅಂಥವರ ಸಂಖ್ಯೆ ಕಡಿಮೆ. ವೀಣೆಗೆ ದಪ್ಪ ಹತ್ತಿಯ ಗವಸು ಹೊಲಿಸುವ ಹಳೆಯ ಪದ್ಧತಿ ಇಂದಿಗೂ ಅರ್ಥಪೂರ್ಣ. ಅದು ಪೆಟ್ಟನ್ನು ತಡೆಯುವುದು ಅಷ್ಟಕ್ಕಷ್ಟೇ, ಆದರೆ ಬಿಸಿಲನ್ನು ನೇರವಾಗಿ ತಾಗಗೊಡುವುದಿಲ್ಲ. ಕಪ್ಪು ಬಣ್ಣದ ಚೀಲಗಳು ನೋಟಕ್ಕೆ ಅಚ್ಚುಕಟ್ಟಾಗಿದ್ದರೂ ಬಿಸಿಲಿನಲ್ಲಿ ತಿಳಿಬಣ್ಣದವುಗಳಿಗಿಂತ ಹೆಚ್ಚು ಕಾಯುತ್ತವೆ.

ದೂರಪ್ರಯಾಣಕ್ಕೆ ತಂತಿಗಳನ್ನು ಒಂದೆರಡು ಸ್ವರದಷ್ಟು ಇಳಿಸುವುದುಂಟು. ಪೂರ್ತಿ ಸಡಿಲಿಸಿದರೆ ಕುದುರೆ ಜರುಗುವ ಸಂಭವವಿದೆ. ಬಿರಡೆಗಳಿರುವ ಭಾಗಕ್ಕೆ ಮೆತ್ತನೆಯ ಬಟ್ಟೆ ಸುತ್ತಿದರೆ ಅವು ತಿರುಗುವುದೂ ಮುರಿಯುವುದೂ ತಪ್ಪುತ್ತದೆ.

ಬಿಡಿಸಿ ಪೆಟ್ಟಿಗೆಯಲ್ಲಿ ಇಡಬಹುದಾದ ವೀಣೆಗಳೂ ವಿದ್ಯುನ್ಮಾನ ವೀಣೆಗಳೂ ಈಗ ಬಳಕೆಯಲ್ಲಿವೆ. ಹೊರದೇಶಗಳಿಗೆ ಹೋಗುವ ಕಲಾವಿದರಿಗೂ ಸಣ್ಣ ಮನೆಯ ವಿದ್ಯಾರ್ಥಿಗಳಿಗೂ ಇವು ಉಪಕಾರಿ. ನಾದದ ವಿಷಯದಲ್ಲಿ ಇವು ಹಲಸಿನ ಮರದ ವೀಣೆಗೆ ಸಮವೇ ಎಂಬ ಚರ್ಚೆ ಮುಗಿದಿಲ್ಲ.

ತಂಬೂರಿ

ದಕ್ಷಿಣದ ತಂಬೂರಿಯ ಕೊಡ ಸಾಮಾನ್ಯವಾಗಿ ಹಲಸಿನ ಮರದ್ದು. ಹಿಂದೂಸ್ತಾನಿ ಗಾಯಕರು ಬಳಸುವ ತಂಬೂರಿಗೆ ಒಣಗಿಸಿದ ದೊಡ್ಡ ಸೋರೆಬುರುಡೆಯ ಕೊಡವಿರುತ್ತದೆ. ಇದರ ತಯಾರಿಕೆಗೆ ಹೆಸರಾದ ಮೀರಜ್, ಹುಬ್ಬಳ್ಳಿ–ಧಾರವಾಡದ ಗಾಯಕರಿಗೆ ರೈಲಿನಲ್ಲಿ ಎಟುಕುವ ಊರು. ಅಲ್ಲಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಬುರುಡೆಯ ತಂಬೂರಿ ಗಾತ್ರಕ್ಕೆ ಹೋಲಿಸಿದರೆ ಹಗುರ, ಆದರೆ ಮೊಟ್ಟೆಯ ಚಿಪ್ಪಿನಂತೆ ನಾಜೂಕು. ಒಂದು ಮೊಣಕೈ ತಾಗಿದರೆ ಸಾಕು, ಸೀಳು ಬಿಡುತ್ತದೆ.

ಎತ್ತರದ ಈ ವಾದ್ಯವನ್ನು ಹೊತ್ತು ತಿರುಗುವ ಕಷ್ಟಕ್ಕೆ ಒಂದು ಪರಿಹಾರ ಬೆಂಗಳೂರಿನಲ್ಲಿಯೇ ಮೂಡಿತು. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿ ರಾಡೆಲ್ ಸಂಸ್ಥೆಯ ಮೂಲಕ ಪ್ರಚಾರಕ್ಕೆ ತಂದರು. ಕೈಚೀಲದಲ್ಲಿ ಹಿಡಿಸುವ ಪೆಟ್ಟಿಗೆಯೊಂದು ಶ್ರುತಿಯ ಭಾರವನ್ನು ಹೊತ್ತುಕೊಂಡಿತು. ಈಗ ಮೊಬೈಲ್ ಫೋನಿನ ಆ್ಯಪ್‌ಗಳು ಆ ಪೆಟ್ಟಿಗೆಯನ್ನೂ ಅನೇಕರ ಚೀಲದಿಂದ ತೆಗೆಸಿವೆ. ಇದರಿಂದ ಆದ ಲಾಭ ದೊಡ್ಡದು: ಪಾಠಕ್ಕೂ ಪ್ರಯಾಣಕ್ಕೂ ತಪ್ಪದ ಶ್ರುತಿ ಯಾರಿಗಾದರೂ ದೊರೆಯುವಂತಾಯಿತು. ನಷ್ಟವೂ ಸಣ್ಣದಲ್ಲ. ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುತ್ತ ಕಚೇರಿಯನ್ನು ಒಳಗಿನಿಂದ ಕೇಳುತ್ತಿದ್ದ ಶಿಷ್ಯರ ಜಾಗ ಅನೇಕ ವೇದಿಕೆಗಳಲ್ಲಿ ಖಾಲಿಯಾಗಿದೆ.

ಚರ್ಮವಾದ್ಯಗಳು ಮತ್ತು ಘಟ

ಮೃದಂಗದ ಹಲಸಿನ ಒಡಲು ಗಟ್ಟಿ. ಸೂಕ್ಷ್ಮವಾದುವು ಎರಡು ಬದಿಯ ಮುಚ್ಚಿಗೆಗಳು. ಬಲಮುಚ್ಚಿಗೆಯ ಕರಣೆ ಶಾಖಕ್ಕೂ ಪೆಟ್ಟಿಗೂ ಬಿರಿಯುತ್ತದೆ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಶ್ರುತಿ ಇಳಿಯುತ್ತದೆ, ಒಣಬೇಸಗೆಯಲ್ಲಿ ಬಿಗಿದು ಏರುತ್ತದೆ. ಎರಡೂ ತುದಿಗೆ ದಪ್ಪ ಬಟ್ಟೆಯ ಮೆತ್ತೆ ಇಟ್ಟು, ಮೇಲೆ ಗವಸು ಹಾಕಿ, ಅಡ್ಡವಾಗಿ ಮಲಗಿಸಿ ಒಯ್ಯುವುದು ಸರಿಯಾದ ಕ್ರಮ. ನೆಟ್ಟಗೆ ನಿಲ್ಲಿಸಿದರೆ ಇಡೀ ತೂಕ ಒಂದು ಮುಚ್ಚಿಗೆಯ ಅಂಚಿನ ಮೇಲೆ ಬೀಳುತ್ತದೆ. ಎಡಮುಚ್ಚಿಗೆಗೆ ಹಚ್ಚಿದ ರವೆಯನ್ನು ಕಚೇರಿ ಮುಗಿದ ಕೂಡಲೇ ಕೆರೆದು ಒರೆಸದೆ ಗವಸಿಗೆ ಹಾಕಿದರೆ ಹುಳಿವಾಸನೆ, ಇರುವೆ, ಜಿರಳೆ ಎಲ್ಲವೂ ಜೊತೆಗೆ ಮನೆಗೆ ಬರುತ್ತವೆ.

ಚರ್ಮದ ಬಾರಿಗೆ ಬದಲಾಗಿ ನಟ್ಟು–ಬೋಲ್ಟು ಜೋಡಿಸಿದ ಮೃದಂಗಗಳು ಪ್ರಯಾಣದ ಅನುಕೂಲಕ್ಕಾಗಿಯೇ ಹೆಚ್ಚು ಬಳಕೆಗೆ ಬಂದವು. ಊರು ಬದಲಾದಾಗ ಶ್ರುತಿ ಹೊಂದಿಸುವುದು ಇವುಗಳಲ್ಲಿ ಸುಲಭ. ಬೆಂಗಳೂರಿನ ಗಾಯಕ ಹಾಗೂ ತಂತ್ರಜ್ಞ ಕೆ. ವರದರಂಗನ್ ಅವರು ಫೈಬರ್ ಗಾಜಿನ ಒಡಲಿಗೆ ಕೃತಕ ಮುಚ್ಚಿಗೆಗಳನ್ನು ಅಳವಡಿಸಿದ ಮೃದಂಗವನ್ನು ರೂಪಿಸಿದ್ದಾರೆ. ಅದು ಹಗುರ, ತೇವಕ್ಕೂ ಅಷ್ಟಾಗಿ ಅಂಜುವುದಿಲ್ಲ.

ಘಟಕ್ಕೆ ಶ್ರುತಿಯ ಚಿಂತೆ ಕಡಿಮೆ, ಒಡೆಯುವ ಚಿಂತೆಯೇ ಎಲ್ಲ. ಶ್ರುತಿ ಕೂಡದಿದ್ದರೆ ಬೇರೆ ಘಟವನ್ನೇ ತೆಗೆದುಕೊಳ್ಳಬೇಕಾದುದರಿಂದ ಘಟವಾದಕರು ಒಂದಕ್ಕಿಂತ ಹೆಚ್ಚು ಘಟಗಳನ್ನು ಇಟ್ಟುಕೊಂಡಿರುತ್ತಾರೆ. ಬೆಂಗಳೂರಿನಲ್ಲಿ ನೆಲೆಸಿರುವ ಸುಕನ್ಯಾ ರಾಮಗೋಪಾಲ್ ಅವರು ಬೇರೆ ಬೇರೆ ಶ್ರುತಿಯ ಹಲವು ಘಟಗಳನ್ನು ಒಟ್ಟಿಗೆ ನುಡಿಸುವ ಘಟತರಂಗವನ್ನು ಪ್ರಚಾರಕ್ಕೆ ತಂದರು. ಅಂಥ ಕಾರ್ಯಕ್ರಮಕ್ಕೆ ಸಾಗಣೆಯೇ ಒಂದು ಸಿದ್ಧತೆ. ಪ್ರತಿ ಘಟಕ್ಕೂ ಪ್ರತ್ಯೇಕ ಹತ್ತಿಯ ಚೀಲ, ಘಟ ಘಟಕ್ಕೆ ತಾಗದಂತೆ ನಡುವೆ ಮೆತ್ತೆ, ಕೂರಿಸಲು ಬಟ್ಟೆಯ ಸಿಂಬಿ ಬೇಕಾಗುತ್ತವೆ.

ಕರಾವಳಿಯ ಯಕ್ಷಗಾನ ಮೇಳಗಳು ಈ ಸಮಸ್ಯೆಯನ್ನು ಪಂಚಾಂಗದ ಮೂಲಕವೇ ಬಗೆಹರಿಸಿಕೊಂಡಂತೆ ಕಾಣುತ್ತದೆ. ಮಳೆ ಹಿಂದಾದ ಮೇಲೆ ತಿರುಗಾಟಕ್ಕೆ ಹೊರಟ ಬಯಲಾಟದ ಮೇಳಗಳು ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಚೆಂಡೆ, ಮದ್ದಳೆಗಳು ಮುಂಗಾರಿನಲ್ಲಿ ಬಯಲಿಗೆ ಬರುವುದಿಲ್ಲ. ಮಳೆಗಾಲದಲ್ಲಿ ಬೆಂಗಳೂರಿಗೆ ಬರುವ ತಂಡಗಳು ಸಭಾಂಗಣಗಳಲ್ಲಿ ಆಡುತ್ತವೆ. ತಮಟೆಯವರದು ಇನ್ನೂ ಸರಳ ಉಪಾಯ. ಬಡಿಯುವ ಮುನ್ನ ಬೆಂಕಿಗೆ ಕಾಯಿಸಿ ಬಿಗಿ ತರುತ್ತಾರೆ.

ಪಿಟೀಲು, ಕೊಳಲು

ಪಿಟೀಲು ತನ್ನ ಪೆಟ್ಟಿಗೆಯೊಡನೆಯೇ ಈ ದೇಶಕ್ಕೆ ಬಂದ ವಾದ್ಯವಾದುದರಿಂದ ಅದರ ಸಾಗಣೆಯ ಸಮಸ್ಯೆ ಬಹುಮಟ್ಟಿಗೆ ಪರಿಹಾರವಾಗಿದೆ. ಕಮಾನಿನ ಕೂದಲನ್ನು ಸಡಿಲಿಸಿ ಇಡುವುದನ್ನೂ, ಪೆಟ್ಟಿಗೆಯನ್ನು ಬಿಸಿಲಿನ ಕಾರಿನಲ್ಲಿ ಬಿಡದಿರುವುದನ್ನೂ ಮರೆಯಬಾರದು. ಇದರ ಅಂಟಿನ ಸಂದುಗಳು ಶಾಖಕ್ಕೆ ಬಿಡುತ್ತವೆ. ಕೊಳಲುಗಳನ್ನು ಮೆತ್ತನೆಯ ಬಟ್ಟೆ ಹಾಸಿದ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟರೆ ಸಾಕು.

ಆರ್ಕೆಸ್ಟ್ರಾ ಮತ್ತು ಧ್ವನಿಸಾಮಗ್ರಿ

ಗಣೇಶೋತ್ಸವ, ರಾಜ್ಯೋತ್ಸವಗಳ ಆರ್ಕೆಸ್ಟ್ರಾಗಳೂ ಕಾಲೇಜು ಉತ್ಸವಗಳ ಬ್ಯಾಂಡುಗಳೂ ಕೀಬೋರ್ಡ್, ಗಿಟಾರ್, ರಿದಂ ಪ್ಯಾಡ್, ಆಂಪ್ಲಿಫೈಯರ್, ಸ್ಪೀಕರ್, ಮಿಕ್ಸರುಗಳನ್ನು ಸಣ್ಣ ಟೆಂಪೊದಲ್ಲಿ ಒಯ್ಯುತ್ತವೆ. ಭಾರವಾದ ಸ್ಪೀಕರುಗಳನ್ನು ಚಾಲಕನ ಕೋಣೆಗೆ ಒತ್ತಿ ಕೆಳಗೆ, ಹಗುರವಾದುವನ್ನು ಮೇಲೆ ಇಟ್ಟು ಹಗ್ಗದಿಂದ ಬಿಗಿಯುವುದು ಕ್ರಮ. ತೆರೆದ ಟೆಂಪೊಗೆ ಟಾರ್ಪಾಲು ಹೊದಿಸಿದರಷ್ಟೇ ಸಾಲದು. ಟಾರ್ಪಾಲಿನ ಮೇಲೆ ನಿಂತ ನೀರು ಒಂದು ತಿರುವಿನಲ್ಲಿ ಪೂರ್ತಿ ಒಳಗೆ ಸುರಿಯುತ್ತದೆ. ಮೂಲೆಗಳಿಗೆ ಲೋಹದ ಪಟ್ಟಿ, ಒಳಗೆ ಫೋಮ್ ಇರುವ ಫ್ಲೈಟ್ ಕೇಸ್ ದುಬಾರಿಯಾದರೂ ಮಿಕ್ಸರ್, ಕೀಬೋರ್ಡುಗಳಿಗೆ ಅದೇ ಯೋಗ್ಯ. ತೇವಗೊಂಡ ಉಪಕರಣಕ್ಕೆ ಪೂರ್ತಿ ಒಣಗುವ ಮುನ್ನ ವಿದ್ಯುತ್ ಕೊಡಬಾರದು. ತಂತಿಗಳನ್ನು ಮೊಣಕೈಗೆ ಬಿಗಿಯಾಗಿ ಸುತ್ತಿದರೆ ಒಳಗಿನ ಎಳೆಗಳು ತಿರುಚಿಕೊಂಡು ತುಂಡಾಗುತ್ತವೆ. ದೊಡ್ಡ ಸುರುಳಿಗಳಾಗಿ ಸಡಿಲವಾಗಿ ಸುತ್ತಬೇಕು.

ವಿಮಾನಯಾನ ಮತ್ತು ಕಾನೂನು

ವಿಮಾನದ ಸರಕು ಕೋಣೆಯಲ್ಲಿ ವಾದ್ಯಗಳು ಒಡೆದ ಪ್ರಸಂಗಗಳು ಜಗತ್ತಿನಾದ್ಯಂತ ವರದಿಯಾಗಿವೆ. ಕೆನಡಾದ ಗಾಯಕ ಡೇವ್ ಕ್ಯಾರೊಲ್ ಅವರ ಗಿಟಾರ್ 2008ರಲ್ಲಿ ಹೀಗೆ ಮುರಿಯಿತು. ಮರುವರ್ಷ ಅವರು ಆ ಬಗ್ಗೆ ಹಾಡೊಂದನ್ನು ರಚಿಸಿ ಅಂತರಜಾಲದಲ್ಲಿ ಹರಿಯಬಿಟ್ಟರು. ಮೈಸೂರು ಮೂಲದ ಸಿತಾರ್ ವಾದಕ ಶುಭೇಂದ್ರ ರಾವ್ ಅವರ ಸಿತಾರ್ 2018ರಲ್ಲಿ ಅಮೆರಿಕದ ಪ್ರಯಾಣದಲ್ಲಿ ಮುರಿದುದು ಭಾರತದಲ್ಲಿ ಸುದ್ದಿಯಾಯಿತು. ಅಮೆರಿಕದಲ್ಲಿ 2012ರ ಕಾಯಿದೆಯೊಂದರಂತೆ, ಜಾಗವಿದ್ದರೆ ಸಣ್ಣ ವಾದ್ಯಗಳನ್ನು ಪ್ರಯಾಣಿಕರ ಕೋಣೆಯಲ್ಲಿ ಒಯ್ಯಲು ವಿಮಾನ ಸಂಸ್ಥೆಗಳು ಅನುಮತಿಸಬೇಕು. ದೊಡ್ಡ ವಾದ್ಯಕ್ಕೆ ಪ್ರತ್ಯೇಕ ಆಸನದ ಟಿಕೆಟ್ ಕೊಳ್ಳುವುದು ಒಂದು ಮಾರ್ಗ. ಸರಕಾಗಿ ಕಳಿಸಲೇಬೇಕಾದರೆ ಫೈಬರ್ ಪೆಟ್ಟಿಗೆಯೊಳಗೆ ವಾದ್ಯ ಕಿಂಚಿತ್ತೂ ಅಲುಗದಂತೆ ಬಟ್ಟೆಗಳನ್ನು ತುಂಬಬೇಕು. ಪೆಟ್ಟಿಗೆ ಎಷ್ಟೇ ಗಟ್ಟಿಯಾಗಿದ್ದರೂ ಒಳಗೆ ವಾದ್ಯ ಅಲುಗಾಡಿದರೆ ಒಡೆಯುತ್ತದೆ.

ಗಡಿ ದಾಟುವಾಗ ವಾದ್ಯದ ವಸ್ತುವೂ ಪ್ರಶ್ನೆಯಾಗುತ್ತದೆ. ಅಳಿವಿನಂಚಿನ ಜೀವಿಪ್ರಭೇದಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರ ಜನವರಿಯಲ್ಲಿ ನಿರ್ಬಂಧಕ್ಕೆ ಒಳಪಟ್ಟವು. ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು. ಹಳೆಯ ವೀಣೆ, ತಂಬೂರಿಗಳ ದಂತದ ಕೆತ್ತನೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಅಜ್ಜಿಯ ಕಾಲದ ವೀಣೆಯನ್ನು ಮಕ್ಕಳಿಗಾಗಿ ಹೊರದೇಶಕ್ಕೆ ಕಳಿಸುವವರು ಅದರ ಅಲಂಕಾರ ದಂತದ್ದೋ ಪ್ಲಾಸ್ಟಿಕ್ಕಿನದ್ದೋ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಖಂಜರಿಗೆ ಹಿಂದೆ ಉಡದ ಚರ್ಮ ಹೊದಿಸುತ್ತಿದ್ದರು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದ್ದು, ಈಗ ಮೇಕೆಯ ಚರ್ಮ ಅಥವಾ ಕೃತಕ ಹೊದಿಕೆಯನ್ನು ಬಳಸಲಾಗುತ್ತದೆ.

ತಲುಪಿದ ಮೇಲೆ ಮತ್ತು ಮರಳಿದ ಮೇಲೆ

ಮಳೆಯ ತಂಪಿನಿಂದಲೋ ಬಿಸಿಲಿನಿಂದಲೋ ಹವಾನಿಯಂತ್ರಿತ ಸಭಾಂಗಣಕ್ಕೆ ಬಂದ ವಾದ್ಯವನ್ನು ಕೂಡಲೇ ಶ್ರುತಿ ಮಾಡಿದರೆ ಅದು ನಿಲ್ಲುವುದಿಲ್ಲ. ಅರ್ಧ ಗಂಟೆ ಗವಸಿನಲ್ಲಿಯೇ ಬಿಟ್ಟು, ಅನಂತರ ತೆರೆದು ಶ್ರುತಿ ಮಾಡುವುದು ಉತ್ತಮ. ವೇದಿಕೆಯ ಮೇಲಿನ ಪ್ರಖರ ದೀಪದ ಎದುರು ವಾದ್ಯವನ್ನು ಕಾಯಲು ಬಿಡಬಾರದು. ಹಾರ, ಶಾಲುಗಳ ಸನ್ಮಾನ ಮುಗಿದು ತಡರಾತ್ರಿ ಮನೆ ಸೇರಿದವರು ವಾದ್ಯವನ್ನು ಬೆಳಗಿನವರೆಗೆ ಕಾರಿನಲ್ಲಿಯೇ ಬಿಡುವುದು ಕಂಡುಬರುವ ಅಭ್ಯಾಸ. ಬೇಸಗೆಯಲ್ಲಿ ಒಂಬತ್ತು ಗಂಟೆಯ ಬಿಸಿಲಿಗೇ ಕಾರಿನೊಳಗೆ ಸೆಖೆ ಏರಿರುತ್ತದೆ. ಎಷ್ಟೇ ದಣಿವಾಗಿದ್ದರೂ ಆ ರಾತ್ರಿಯೇ ವಾದ್ಯವನ್ನು ಒಳಗೆ ತಂದು, ಒದ್ದೆಯಾದ ಗವಸನ್ನು ಕಳಚಿ ನೆರಳಿನಲ್ಲಿ ಒಣಹಾಕಿ, ತಂತಿಗಳ ಮೇಲಿನ ಬೆವರನ್ನು ಒಣಬಟ್ಟೆಯಿಂದ ಒರೆಸಿ, ಬಿಚ್ಚಿದ್ದ ಬುರುಡೆಯನ್ನು ಮತ್ತೆ ಜೋಡಿಸಿಡಬೇಕು. ಶ್ರುತಿಪೆಟ್ಟಿಗೆಯನ್ನು ಬಹುಕಾಲ ಬಳಸುವುದಿಲ್ಲವೆಂದಾದರೆ ಅದರ ಬ್ಯಾಟರಿಗಳನ್ನು ತೆಗೆದಿಡಬೇಕು.